ಮೊದಲ ಚಿತ್ರ ಕೊಳ್ಳುವ ಮುಂಚೆ: ಕೋಲಾರದಿಂದ ಒಂದು ಮಾರ್ಗದರ್ಶಿ

ನಾವು ಕೋಲಾರದಲ್ಲಿ ಮನೆ ಕಟ್ಟಿಸಿದಾಗ ಹಾಲಿನ ದೊಡ್ಡ ಗೋಡೆ ಖಾಲಿ ಉಳಿದಿತ್ತು. ಗೃಹಪ್ರವೇಶಕ್ಕೆ ಇನ್ನು ಹದಿನೈದೇ ದಿನ. ಬೆಂಗಳೂರಿನ ಒಂದು ಅಂಗಡಿಗೆ ಹೋದೆವು. ಓಡುತ್ತಿರುವ ಏಳು ಕುದುರೆಗಳ ದೊಡ್ಡ ಚಿತ್ರ ತೋರಿಸಿದರು. "ಪೂರ್ತಿ ಕೈಯಲ್ಲೇ ಬಿಡಿಸಿದ್ದು ಸಾರ್. ಇದೊಂದೇ ಪೀಸ್ ಇರೋದು. ಸಂಜೆ ಇನ್ನೊಬ್ಬರು ನೋಡೋಕೆ ಬರ್ತಿದ್ದಾರೆ" ಅಂದರು. 18,000 ರೂಪಾಯಿ ಕೊಟ್ಟು ತಂದೆವು.

ಒಂದು ವರ್ಷ ಆದ ಮೇಲೆ ನನ್ನ ಸ್ನೇಹಿತರೊಬ್ಬರು ಮನೆಗೆ ಬಂದರು. ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಚಿತ್ರದ ಹತ್ತಿರ ಹೋಗಿ ನಿಂತು, "ಮಕ್ಕಳ ಹತ್ತಿರ ಭೂತಗನ್ನಡಿ ಇದೆಯಾ?" ಅಂತ ಕೇಳಿದರು. ನೋಡಿದರೆ ಕುದುರೆಯ ಕಣ್ಣಿನ ತುಂಬಾ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳು. ಅದು ಯಂತ್ರದಲ್ಲಿ ಅಚ್ಚಾದ ಕ್ಯಾನ್ವಾಸು. ಮೇಲೆ ಅಲ್ಲಲ್ಲಿ ಪಾರದರ್ಶಕ ಅಂಟು ಬಳಿದು ಬ್ರಷ್ಷಿನ ಗೆರೆ ಮೂಡಿಸಿದ್ದರು.

ಅಂಗಡಿಯವರು ಸುಳ್ಳು ಹೇಳಿದ್ದರು, ನಿಜ. ಆದರೆ ಎಷ್ಟೋ ದಿನ ನನ್ನನ್ನು ಕಾಡಿದ್ದು ಬೇರೆಯೇ ವಿಷಯ. ಆ ದಿನ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಇದ್ದೆ. ಚಿತ್ರವನ್ನು ನೋಡಿದ್ದು ಎರಡು ನಿಮಿಷವೂ ಇಲ್ಲ. ಉಳಿದ ಹೊತ್ತೆಲ್ಲ ಮಾತು ಕೇಳಿದ್ದೆ. ನಮ್ಮೂರಿನ ಟೊಮೆಟೊ ಮಂಡಿಯಲ್ಲಿ ಬಾಕ್ಸಿನ ಮೇಲಿನ ಪದರ ನೋಡಿ ಯಾರೂ ಬೆಲೆ ಕೂಗಲ್ಲ. ಕೆಳಗಿನ ಕಾಯಿ ತೆಗೆದು ಒತ್ತಿ ನೋಡುತ್ತಾರೆ. ಆ ಬುದ್ಧಿ ನಮ್ಮ ಜಿಲ್ಲೆಯ ಜನಕ್ಕೆ ಚೆನ್ನಾಗಿಯೇ ಇದೆ. ಚಿತ್ರ ಕೊಳ್ಳುವಾಗ ಮಾತ್ರ ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇವೆ.

ಆಮೇಲೆ ಕೆಲವು ವರ್ಷ ನೋಡಿ, ಓದಿ, ಕಲಾವಿದರ ಜೊತೆ ಕೂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಐದರಿಂದ ಮೂವತ್ತು ಸಾವಿರ ರೂಪಾಯಿಯೊಳಗೆ ಮೊದಲ ಸಲ ಒಂದು ನಿಜವಾದ ಚಿತ್ರ ಕೊಳ್ಳಬೇಕು ಅನ್ನುವವರಿಗೆ ಇದು.

ಹೆಜ್ಜೆ 1: ಯಾಕೆ ಬೇಕು ಅಂತ ಒಂದು ಸಾಲು ಬರೆಯಿರಿ

ಅಂಗಡಿಗೆ ಹೋಗುವ ಮುಂಚೆಯೇ, ಮನೆಯಲ್ಲೇ ಕೂತು ಬರೆಯಿರಿ. ದಿನಾ ನೋಡೋಕಾ? ಬಂದವರಿಗೆ ತೋರಿಸೋಕಾ? ಮುಂದೆ ಮಾರಿ ದುಡ್ಡು ಮಾಡೋಕಾ? ಮೂರರಲ್ಲಿ ಯಾವುದಾದರೂ ತಪ್ಪಲ್ಲ. ಮೂರನ್ನೂ ಕಲಸಿಕೊಂಡು ಹೋದರೆ ಮಾತ್ರ ಕಷ್ಟ. ಮಾರುವವರು ಮೊದಲು ಒಂದರ ಆಸೆ ತೋರಿಸುತ್ತಾರೆ. ನೀವು ಹಿಂದೆಮುಂದೆ ನೋಡಿದರೆ ಇನ್ನೊಂದರ ಆಸೆ ತೋರಿಸುತ್ತಾರೆ.

ದುಡ್ಡಿನ ಆಸೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2025ರ ಮಾರ್ಚ್‌ನಲ್ಲಿ ಎಂ.ಎಫ್. ಹುಸೇನ್ ಅವರ 'ಗ್ರಾಮ ಯಾತ್ರಾ' ಚಿತ್ರ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಪತ್ರಿಕೆಗಳಲ್ಲೆಲ್ಲ ಸುದ್ದಿ. ಹುಸೇನ್ ಅದನ್ನು ಬಿಡಿಸಿದ್ದು 1954ರಲ್ಲಿ. ನಾರ್ವೆಯಿಂದ ದೆಹಲಿಗೆ ಕೆಲಸದ ಮೇಲೆ ಬಂದಿದ್ದ ಒಬ್ಬ ವೈದ್ಯರು ಅದನ್ನು ಕೊಂಡಿದ್ದರು. 1964ರಲ್ಲಿ ಚಿತ್ರ ಓಸ್ಲೋದ ಆಸ್ಪತ್ರೆಗೆ ಸೇರಿತು. ಎಷ್ಟೋ ದಶಕ ಅಲ್ಲೇ ಇತ್ತು. ಕೊಂಡ ವೈದ್ಯರು ಆ ಬೆಲೆ ನೋಡಲೇ ಇಲ್ಲ.

ಇಂಥ ಸುದ್ದಿ ಓದಿದಾಗ 'ನಾವೂ ಒಂದು ತಗೊಂಡಿಟ್ಟರೆ?' ಅನ್ನಿಸುವುದು ಸಹಜ. ಆದರೆ ಸುದ್ದಿಯಾಗುವುದು ಏರಿದ ಚಿತ್ರ ಮಾತ್ರ. ಅದೇ 1954ರಲ್ಲಿ ದೇಶದಲ್ಲಿ ಬಿಡಿಸಿದ ಉಳಿದ ಸಾವಿರಾರು ಚಿತ್ರ ಏನಾದವು ಅಂತ ಯಾವ ಪತ್ರಿಕೆಯೂ ಬರೆಯುವುದಿಲ್ಲ. ಇನ್ನೊಂದು ಮಾತು. ಟೊಮೆಟೊಗೆ ಬೆಳಗಾದರೆ ಮಂಡಿ ಇದೆ. ರೇಟು ಬಿದ್ದರೂ ತಗೊಳ್ಳುವವರು ಇದ್ದಾರೆ. ಹೆಸರಾಗದ ಕಲಾವಿದರ ಚಿತ್ರವನ್ನು ವಾಪಸ್ ಮಾರೋಕೆ ಅಂಥ ಜಾಗವೇ ಇಲ್ಲ. ಮಾರಿದ ಅಂಗಡಿಯೇ ತಿರುಗಿ ಕೊಳ್ಳುವುದಿಲ್ಲ. ಹಾಗಾಗಿ ಮೊದಲ ಚಿತ್ರವನ್ನು ಹೂಡಿಕೆ ಅಂದುಕೊಳ್ಳಬೇಡಿ. ಆ ದುಡ್ಡು ಮತ್ತೆ ಬರಲ್ಲ ಅಂತ ತಿಳಿದೇ ಕೊಡಿ. ಆಗ ನಿಮ್ಮ ಗಮನ ಚಿತ್ರದ ಮೇಲೆ ನಿಲ್ಲುತ್ತದೆ.

ಹೆಜ್ಜೆ 2: ಕೊಳ್ಳದೆ ನೋಡಿ, ಕನಿಷ್ಠ ಮೂರು ತಿಂಗಳು

ಈ ಹೆಜ್ಜೆಯನ್ನು ಎಲ್ಲರೂ ದಾಟಿ ಹೋಗುತ್ತಾರೆ. ನನ್ನ ಪ್ರಕಾರ ಇದೇ ಮುಖ್ಯ.

ಊರಿನಿಂದಲೇ ಶುರು ಮಾಡಿ, ಬೆಂಗಳೂರು ಆಮೇಲೆ. ಮುಳಬಾಗಿಲು ತಾಲೂಕಿನ ಕುರುಡುಮಲೆಗೆ ಗಣಪತಿ ನೋಡೋಕೆ ಎಲ್ಲರೂ ಹೋಗುತ್ತಾರೆ. ಅಲ್ಲೇ ಹತ್ತಿರ ಸೋಮೇಶ್ವರ ದೇವಸ್ಥಾನ ಇದೆ. ಅದರ ಒಂದು ಭಾಗ ಜಕಣಾಚಾರಿ ಕೆತ್ತಿದ್ದು, ಇನ್ನೊಂದು ಮಗ ಡಂಕಣಾಚಾರಿ ಕೆತ್ತಿದ್ದು ಅಂತ ಊರಿನವರು ಹೇಳುತ್ತಾರೆ. ಐತಿಹ್ಯ ನಿಜವೋ ಅಲ್ಲವೋ, ಕಣ್ಣಿಗೆ ಅದೊಂದು ಒಳ್ಳೆಯ ಪಾಠ. ಎರಡೂ ಭಾಗದ ಮುಂದೆ ನಿಂತು 'ಏನು ವ್ಯತ್ಯಾಸ?' ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಐದು ನಿಮಿಷ ಏನೂ ಕಾಣಲ್ಲ. ಹದಿನೈದು ನಿಮಿಷ ಆದ ಮೇಲೆ ಒಂದೊಂದಾಗಿ ಕಾಣೋಕೆ ಶುರುವಾಗುತ್ತದೆ. ಕೋಲಾರದ ಸೋಮೇಶ್ವರ ದೇವಸ್ಥಾನದ ಕಲ್ಯಾಣ ಮಂಟಪದ ಕಂಬಗಳಲ್ಲೂ ಹೀಗೇ ಮಾಡಿ. ಒಂದು ದಿನಕ್ಕೆ ಒಂದು ಕಂಬ ಸಾಕು.

ಆಮೇಲೆ ಬೆಂಗಳೂರು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. 2009ರಲ್ಲಿ ಶುರುವಾದದ್ದು, ಸೋಮವಾರ ರಜೆ. ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಇದೆ. ಅಲ್ಲಿ ಮೈಸೂರು ಸಂಪ್ರದಾಯದ ಹಳೆಯ ಚಿತ್ರಗಳ ಒಳ್ಳೆಯ ಸಂಗ್ರಹ ಇದೆ. ಬೇರೆ ಬೇರೆ ಕಲಾವಿದರ ಪ್ರದರ್ಶನವೂ ನಡೆಯುತ್ತಿರುತ್ತದೆ. ಬೆಳಗಿನ ಬಸ್ಸಿಗೆ ಕೋಲಾರ ಬಿಟ್ಟರೆ ಎರಡನ್ನೂ ನೋಡಿಕೊಂಡು ಸಂಜೆಗೆ ಮನೆಗೆ ಬರಬಹುದು.

ಎಲ್ಲ ನೋಡಬೇಕು ಅಂತ ಓಡಬೇಡಿ. ಮೂರು ಚಿತ್ರ ಆರಿಸಿಕೊಂಡು ಒಂದೊಂದರ ಮುಂದೆ ಹತ್ತು ನಿಮಿಷ ನಿಲ್ಲಿ. ಮನೆಗೆ ಬಂದು, ಫೋನಿನ ಫೋಟೋ ನೋಡದೆ, ನೆನಪಿರುವುದನ್ನು ಬರೆಯಿರಿ. ಒಂದು ತಿಂಗಳು ಬಿಟ್ಟು ಮತ್ತೆ ಹೋಗಿ. ಮೊದಲ ಸಲ ಹಿಡಿಸಿದ್ದು ಸಪ್ಪೆ ಅನ್ನಿಸಬಹುದು. ಸುಮ್ನೆ ದಾಟಿ ಹೋಗಿದ್ದು ಎಳೆದು ನಿಲ್ಲಿಸಬಹುದು.

ಇಲ್ಲಿ ಮನಸ್ಸಿನ ಒಂದು ಗುಣ ತಿಳಿದಿರಲಿ. ರಾಬರ್ಟ್ ಝಯೋಂಕ್ ಎಂಬ ಮನಶ್ಶಾಸ್ತ್ರಜ್ಞ 1968ರಲ್ಲಿ ತೋರಿಸಿದ್ದು ಇದು: ಒಂದು ವಸ್ತುವನ್ನು ಪದೇ ಪದೇ ನೋಡಿದರೆ ಸಾಕು, ಅದು ಇಷ್ಟವಾಗತೊಡಗುತ್ತದೆ. ಮೊಬೈಲಿನಲ್ಲಿ ದಿನಾ ಕಣ್ಣಿಗೆ ಬೀಳುವ ಬುದ್ಧನ ಮುಖ, ಏಳು ಕುದುರೆ, ರಾಧಾಕೃಷ್ಣ ನಮಗೆ 'ಚೆನ್ನಾಗಿದೆ' ಅನ್ನಿಸುವುದರಲ್ಲಿ ಇದರ ಪಾಲೂ ಇದೆ. ಬೇರೆ ಬೇರೆ ತರಹದ್ದು ನೋಡಿದ ಹಾಗೆಲ್ಲ ನಿಮ್ಮ ಇಷ್ಟ ನಿಜವಾಗಿ ಯಾವುದು ಅಂತ ಬೇರ್ಪಡುತ್ತದೆ.

ಹೆಜ್ಜೆ 3: ಕೈಯಲ್ಲಿರುವುದು ಏನು ಅಂತ ಗುರುತಿಸಿ

ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಚಿಕ್ಕದೇ ಸಾಕು.

ಅದರಲ್ಲಿ ಸಾಲುಸಾಲಾಗಿ ಬಣ್ಣದ ಚುಕ್ಕೆ ಕಂಡರೆ ಅಚ್ಚು. ಮೇಲೆ ಉಬ್ಬಿದ ಗೆರೆ ಇದ್ದರೂ ಅಚ್ಚೇ. ಗೆರೆ ಒಂದು ದಿಕ್ಕಿಗೆ ಹೋಗಿ, ಕೆಳಗಿನ ಬಣ್ಣ ಬೇರೆ ದಿಕ್ಕಿಗೆ ಹೋಗಿದ್ದರೆ ಅದು ಆಮೇಲೆ ಬಳಿದ ಅಂಟು. ಕೈಯಲ್ಲಿ ಬಿಡಿಸಿದ್ದರಲ್ಲಿ ಬ್ರಷ್ಷು ಹೋದ ಕಡೆಗೇ ಬಣ್ಣವೂ ಹೋಗಿರುತ್ತದೆ. ಒಂದು ಬಣ್ಣದ ಕೆಳಗಿಂದ ಇನ್ನೊಂದು ಇಣುಕುತ್ತದೆ. ಚಿತ್ರವನ್ನು ತಿರುಗಿಸಿ ಹಿಂದೆ ನೋಡಿ. ಇದನ್ನು ಕೇಳೋಕೆ ಸಂಕೋಚ ಬೇಡ. ಕ್ಯಾನ್ವಾಸಿನ ಅಂಚಿನಲ್ಲಿ ಬಣ್ಣ ಅಡ್ಡಾದಿಡ್ಡಿ ಹರಿದಿದ್ದರೆ, ಹಿಂದೆ ಕಲಾವಿದರ ಹೆಸರು, ವರ್ಷ, ಮಾಧ್ಯಮ (ಅಂದರೆ ಯಾವ ಬಣ್ಣ, ಯಾವುದರ ಮೇಲೆ), ಅಳತೆ ಬರೆದಿದ್ದರೆ ಒಳ್ಳೆಯ ಲಕ್ಷಣ.

ಎಲ್ಲ ಅಚ್ಚೂ ಕಡಿಮೆ ಅಂತ ಅಲ್ಲ. ಕಲಾವಿದರು ತಾವೇ ಮರದಲ್ಲಿ ಕೆತ್ತಿ, ತಗಡಿನ ಮೇಲೆ ಆಮ್ಲದಿಂದ ಕೊರೆದು, ಕಲ್ಲಿನ ಮೇಲೆ ಬಿಡಿಸಿ ತೆಗೆದ ಅಚ್ಚುಚಿತ್ರಗಳು ಇವೆ. ಅವು ಮೂಲ ಕೃತಿಗಳೇ. ಕೆಳಗೆ ಪೆನ್ಸಿಲಿನಲ್ಲಿ 5/25 ಅಂತ ಇರುತ್ತದೆ. ಒಟ್ಟು ಇಪ್ಪತ್ತೈದು ಪ್ರತಿಯಲ್ಲಿ ಇದು ಐದನೆಯದು ಅಂತ ಅರ್ಥ. ಕಡಿಮೆ ದುಡ್ಡಿನಲ್ಲಿ ದೊಡ್ಡ ಕಲಾವಿದರ ಕೈಕೆಲಸ ಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕಂಪ್ಯೂಟರಿನಿಂದ ತೆಗೆದ ಪ್ರಿಂಟಿಗೂ ಕೆಲವರು ಹೀಗೇ ಸಂಖ್ಯೆ ಬರೆಯುತ್ತಾರೆ. ಆದ್ದರಿಂದ 'ಯಾವ ವಿಧಾನದಲ್ಲಿ ತೆಗೆದದ್ದು?' ಅಂತ ಬಾಯಿಬಿಟ್ಟು ಕೇಳಿ.

ಮೈಸೂರು ಶೈಲಿಯ ಚಿತ್ರವಾದರೆ ಚಿನ್ನದ ಹಾಳೆ ನಿಜವಾದದ್ದಾ, ಬರೀ ಹಿತ್ತಾಳೆ ಬಣ್ಣದ ಹಾಳೆಯಾ ಅಂತ ಕೇಳಿ, ಬಿಲ್ಲಿನಲ್ಲಿ ಬರೆಸಿ. ಹಿತ್ತಾಳೆಯ ಹಾಳೆ ಕಾಲ ಕಳೆದಂತೆ ಕಪ್ಪಾಗುತ್ತದೆ. ಮೈಸೂರು ಚಿತ್ರದಲ್ಲಿ ಚಿನ್ನದ ಕೆಳಗಿನ ಉಬ್ಬು ತೆಳು, ನವಿರು. ತಂಜಾವೂರಿನದು ದಪ್ಪ, ಕಲ್ಲು ಕೂರಿಸಿರುತ್ತಾರೆ. ಒಂದರ ಹೆಸರು ಹೇಳಿ ಇನ್ನೊಂದನ್ನು ಮಾರುವುದುಂಟು.

ಇನ್ನು ನಮ್ಮ ಜಿಲ್ಲೆಯ ಹೆಮ್ಮೆ. ಮಾಲೂರು ತಾಲೂಕಿನ ಶಿವಾರಪಟ್ಟಣಕ್ಕೆ ಒಂದು ಸಲ ಹೋಗಿ ಬನ್ನಿ. ಬೀದಿಗಳಲ್ಲಿ ಉಳಿಯ ಸದ್ದು. ದೇವಸ್ಥಾನಗಳಿಗೆ ವಿಗ್ರಹ ಮಾಡುವ ಶಿಲ್ಪಿಗಳ ಊರು ಅದು. ಬೆಂಗಳೂರಿನ ಶೋರೂಮಿನಲ್ಲಿ ಗಾಜಿನ ಹಿಂದೆ ಇಟ್ಟಿರುವುದನ್ನು ಇಲ್ಲಿ ಮಾಡಿದ ಕೈಯನ್ನೇ ನೋಡಿ ಕೊಳ್ಳಬಹುದು. ಕಲ್ಲಿನ ವಿಗ್ರಹಕ್ಕೆ ಎಣ್ಣೆ ಹಚ್ಚಿದರೆ ಕಪ್ಪಾಗಿ ಹೊಳೆಯುತ್ತದೆ, ಸಣ್ಣ ದೋಷ ಕಾಣಲ್ಲ. ಅದಕ್ಕೇ ಎಣ್ಣೆ ಹಚ್ಚುವ ಮುಂಚೆ ನೋಡಿ. ಬೆರಳ ಸಂದು, ಕಿವಿಯ ಹಿಂಭಾಗ, ಪ್ರಭಾವಳಿಯ ಒಳಮೂಲೆ, ಇಲ್ಲಿ ಕೆಲಸ ಶುದ್ಧವಾಗಿದ್ದರೆ ಕೈ ಪಳಗಿದ್ದು. ಶಿಲ್ಪಿಯನ್ನೇ ಕಲ್ಲು ತಟ್ಟಿ ತೋರಿಸೋಕೆ ಹೇಳಿ. ಬಿರುಕಿಲ್ಲದ ಕಲ್ಲು ಗಂಟೆಯ ಹಾಗೆ ಸದ್ದು ಕೊಡುತ್ತದೆ. ಪೂಜೆಗಾ, ಅಲಂಕಾರಕ್ಕಾ ಅಂತ ಮೊದಲೇ ಹೇಳಿ. ಪೂಜಾ ವಿಗ್ರಹಕ್ಕೆ ಅಳತೆಯ ಶಾಸ್ತ್ರ ಬೇರೆಯೇ ಇದೆ. ಮಾಡಿಸಿಕೊಳ್ಳುವುದಾದರೆ ಎಷ್ಟು ಅಂಗುಲ, ಯಾವ ಕಲ್ಲು, ಯಾವಾಗ ಕೊಡುವುದು, ಮುಂಗಡ ಎಷ್ಟು, ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಹೆಜ್ಜೆ 4: ಬೆಲೆ ಕೇಳುವ ಮುಂಚೆ ನಿಮ್ಮ ಬೆಲೆ ಬರೆದುಕೊಳ್ಳಿ

ಹೆಜ್ಜೆ ಎರಡು ಮುಖ್ಯ ಅಂದೆ. ಆದರೆ ಜಾಸ್ತಿ ಜನ ಎಡವುವುದು ಇಲ್ಲಿ.

ಮೊದಲು ಬೆಲೆ ಹೇಗೆ ಆಗುತ್ತದೆ ಅಂತ ನೋಡೋಣ. ಎಷ್ಟೋ ಕಲಾವಿದರು ಅಳತೆಯ ಮೇಲೆ, ಚದರ ಅಂಗುಲಕ್ಕೆ ಇಷ್ಟು ಅಂತ ಲೆಕ್ಕ ಹಾಕುತ್ತಾರೆ. ಆ ದರ ಅವರ ಅನುಭವ, ಹಿಂದಿನ ಮಾರಾಟ, ಪ್ರದರ್ಶನ, ಪ್ರಶಸ್ತಿಗಳ ಮೇಲೆ ನಿಲ್ಲುತ್ತದೆ. ಕ್ಯಾನ್ವಾಸಿನ ಚಿತ್ರಕ್ಕೆ ಸಾಮಾನ್ಯವಾಗಿ ಕಾಗದದ ಚಿತ್ರಕ್ಕಿಂತ ಬೆಲೆ ಜಾಸ್ತಿ. ಗ್ಯಾಲರಿ ಮೂಲಕ ಹೋದರೆ ಬೆಲೆಯಲ್ಲಿ ಶೇಕಡಾ 30ರಿಂದ 50ರಷ್ಟು ಗ್ಯಾಲರಿಯ ಪಾಲು ಇರುವುದು ವಾಡಿಕೆ. ಅದು ಮೋಸ ಅಲ್ಲ. ಬಾಡಿಗೆ, ಪ್ರದರ್ಶನ, ಪ್ರಚಾರ ಎಲ್ಲ ಅವರದು. ಒಳ್ಳೆಯ ಗ್ಯಾಲರಿ ನಾಳೆಯೂ ಆ ಕಲಾವಿದರ ಪರ ನಿಲ್ಲುತ್ತದೆ.

ಮಂಡಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಆ ರೇಟು ಊರಿಗೆಲ್ಲ ಗೊತ್ತು. ನಿನ್ನೆ ಎಷ್ಟಿತ್ತು, ಪಕ್ಕದವರಿಗೆ ಎಷ್ಟು ಸಿಕ್ಕಿತು, ಎಲ್ಲ ಬಹಿರಂಗ. ಚಿತ್ರದ ಲೋಕದಲ್ಲಿ ಮಾರಾಟದ ಬೆಲೆ ಹೊರಗೆ ಬರುವುದು ಹರಾಜಿನಲ್ಲಿ ಮಾತ್ರ ಅನ್ನಬಹುದು. ಉಳಿದದ್ದು ಕೊಟ್ಟವರಿಗೆ, ತಗೊಂಡವರಿಗೆ ಮಾತ್ರ ಗೊತ್ತು. ಹೋಲಿಸಿ ನೋಡೋಕೆ ಏನೂ ಇಲ್ಲದಾಗ ಮನಸ್ಸು ಮೊದಲು ಕಿವಿಗೆ ಬಿದ್ದ ಸಂಖ್ಯೆಯನ್ನೇ ಹಿಡಿದುಕೊಳ್ಳುತ್ತದೆ.

ಇದನ್ನು ಎಮೋಸ್ ಟ್ವರ್‍ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಪ್ರಯೋಗ ಚೆನ್ನಾಗಿ ತೋರಿಸುತ್ತದೆ. ಜನರ ಮುಂದೆ ಅಂಕೆಗಳ ಚಕ್ರ ತಿರುಗಿಸಿದರು. ಅದು 10ಕ್ಕೋ 65ಕ್ಕೋ ನಿಲ್ಲುವ ಹಾಗೆ ಮೊದಲೇ ಮಾಡಿಟ್ಟಿದ್ದರು. ಆಮೇಲೆ 'ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟಿವೆ?' ಅಂತ ಕೇಳಿದರು. 10 ನೋಡಿದವರ ಮಧ್ಯದ ಉತ್ತರ 25. 65 ನೋಡಿದವರದು 45. ಚಕ್ರಕ್ಕೂ ಪ್ರಶ್ನೆಗೂ ಸಂಬಂಧವೇ ಇಲ್ಲ. ಆದರೂ ಉತ್ತರ ಅದರ ಕಡೆಗೇ ವಾಲಿತು.

ಅಂಗಡಿಯಲ್ಲೂ ಹೀಗೇ. ನನಗೆ ಆ ದಿನ ಮೊದಲು ತೋರಿಸಿದ್ದು 60,000 ರೂಪಾಯಿಯ ಚಿತ್ರ. ಅದಾದ ಮೇಲೆ 18,000 ಅಂದಾಗ ಅಗ್ಗ ಅನ್ನಿಸಿತು. ಮೊದಲು 5,000ದ್ದು ತೋರಿಸಿದ್ದರೆ ಅದೇ 18,000 ದುಬಾರಿ ಅನ್ನಿಸುತ್ತಿತ್ತು. ಬೆಲೆ ಗೊತ್ತಾದ ಮೇಲೆ ನೋಡುವ ಕಣ್ಣೂ ಬದಲಾಗುತ್ತದೆ. 2008ರ ಒಂದು ಅಧ್ಯಯನದಲ್ಲಿ ಒಂದೇ ವೈನನ್ನು 10 ಡಾಲರಿನದು, 90 ಡಾಲರಿನದು ಅಂತ ಹೇಳಿ ಕುಡಿಸಿದಾಗ, ದುಬಾರಿ ಅಂದದ್ದೇ ಹೆಚ್ಚು ರುಚಿ ಅಂದರು ಜನ. ಮೆದುಳಿನಲ್ಲಿ ಖುಷಿಗೆ ಸಂಬಂಧಿಸಿದ ಭಾಗವೂ ಆಗ ಹೆಚ್ಚು ಚುರುಕಾಗಿತ್ತು. ಅಂದರೆ ಅವರು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೇ ಹಾಗೆ ಅನ್ನಿಸಿತ್ತು.

ಹಾಗಾಗಿ ನಾನು ಈಗ ಮಾಡುವುದು ಇಷ್ಟು. ಚಿತ್ರದ ಪಕ್ಕದ ಬೆಲೆ ಚೀಟಿ ನೋಡುವುದಿಲ್ಲ. 'ಎಷ್ಟು?' ಅಂತ ಕೇಳುವುದಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿ, ಪಕ್ಕಕ್ಕೆ ಬಂದು, ಜೇಬಿನ ಚೀಟಿಯಲ್ಲಿ 'ಇದಕ್ಕೆ ನಾನು ಇಷ್ಟು ಕೊಡಬಲ್ಲೆ' ಅಂತ ಒಂದು ಸಂಖ್ಯೆ ಬರೆಯುತ್ತೇನೆ. ಆಮೇಲೆ ಕೇಳುತ್ತೇನೆ. ಅವರ ಬೆಲೆ ನನ್ನದಕ್ಕಿಂತ ಸ್ವಲ್ಪ ಮೇಲಿದ್ದರೆ ಯೋಚಿಸುತ್ತೇನೆ. ಎರಡು ಪಟ್ಟು ಇದ್ದರೆ ಕೈ ಮುಗಿದು ಬರುತ್ತೇನೆ. ಬರೆದಿಟ್ಟ ಸಂಖ್ಯೆ ಮಾತಿಗೆ ಕರಗುವುದಿಲ್ಲ. ಮನಸ್ಸಿನಲ್ಲಿಟ್ಟದ್ದು ಕರಗುತ್ತದೆ.

ಇನ್ನೂ ಕೆಲವು ಮಾತುಗಳಿಗೆ ಕಿವಿ ಚುರುಕಾಗಿರಲಿ. 'ಇದೊಂದೇ ಇರೋದು' ಅಂದರೆ, ಕೈಯಲ್ಲಿ ಬಿಡಿಸಿದ ಚಿತ್ರ ಯಾವಾಗಲೂ ಒಂದೇ ಇರುತ್ತದೆ. ಅದು ಆತುರಕ್ಕೆ ಕಾರಣ ಅಲ್ಲ. 'ಸಂಜೆ ಇನ್ನೊಬ್ಬರು ಬರ್ತಾರೆ' ಅಂದರೆ ಬರಲಿ ಬಿಡಿ. ನಾಳೆವರೆಗೆ ಕಾಯ್ದಿರಿಸೋಕೆ ಆಗುತ್ತದಾ ಅಂತ ಕೇಳಿ. 'ಮನೆಗೆ ತಗೊಂಡು ಹೋಗಿ ಎರಡು ದಿನ ಹಾಕಿ ನೋಡಿ, ಬೇಡ ಅಂದ್ರೆ ವಾಪಸ್ ಕೊಡಿ' ಅನ್ನುವುದು ಒಳ್ಳೆಯ ಅವಕಾಶ. ಆದರೆ ಅದಕ್ಕೂ ಒಂದು ಸೆಳೆತ ಇದೆ. 1990ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೆಲವು ವಿದ್ಯಾರ್ಥಿಗಳ ಕೈಗೆ ಕಾಫಿ ಮಗ್ ಕೊಟ್ಟು ನಿಮ್ಮದು ಅಂದರು. ಅದನ್ನು ಮಾರೋಕೆ ಅವರು ಸುಮಾರು 7 ಡಾಲರ್ ಕೇಳಿದರು. ಮಗ್ ಇಲ್ಲದವರು ಅದನ್ನು ಕೊಳ್ಳೋಕೆ ಸುಮಾರು 3 ಡಾಲರ್ ಕೊಡೋಕೆ ಮಾತ್ರ ಒಪ್ಪಿದರು. ನಮ್ಮದು ಅಂತ ಆದ ಕೂಡಲೇ ವಸ್ತುವಿನ ಬೆಲೆ ನಮ್ಮ ಕಣ್ಣಲ್ಲಿ ಏರುತ್ತದೆ. ಗೋಡೆಗೆ ಹಾಕಿ ನೋಡಿದ್ದನ್ನು ಇಳಿಸಿ ವಾಪಸ್ ಕೊಡೋದು ತುಂಬಾ ಕಷ್ಟ. ಮನೆಗೆ ತರುವ ಮುಂಚೆಯೇ ನಿಮ್ಮ ಚೀಟಿಯ ಬೆಲೆಗೆ ಅದು ಒಪ್ಪಿತಾ ಅಂತ ನೋಡಿಕೊಳ್ಳಿ.

ಹೆಜ್ಜೆ 5: ಹರಾಜಿನಲ್ಲಿ ಮಿತಿ ದಾಟಬೇಡಿ

ಈಗ ಮನೆಯಲ್ಲೇ ಕೂತು ಆನ್‌ಲೈನ್ ಹರಾಜಿನಲ್ಲಿ ಕೂಗಬಹುದು. ಮೊದಲ ಚಿತ್ರಕ್ಕೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಆದರೂ ಹೋಗುವವರಿಗೆ ಎರಡು ಮಾತು.

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರು ಒಂದು ಹಿಡಿ ಗೂಡು ಕೈಗೆತ್ತಿಕೊಂಡು, ಅಲುಗಿಸಿ, ಇದರಲ್ಲಿ ಎಷ್ಟು ನೂಲು ಬರಬಹುದು ಅಂತ ಅಂದಾಜು ಹಾಕುತ್ತಾರೆ. ಅವರ ಮಿತಿ ಆ ನೂಲಿನ ಲೆಕ್ಕದಲ್ಲಿದೆ. ಅದಕ್ಕಿಂತ ಮೇಲೆ ಕೂಗಿದರೆ ನಷ್ಟ ಅಂತ ಗೊತ್ತು. ಚಿತ್ರಕ್ಕೆ ಅಂಥ ನೂಲಿನ ಲೆಕ್ಕ ಇಲ್ಲ. ಪಕ್ಕದವರು ಕೂಗಿದ್ದೇ ನಮಗೆ ಲೆಕ್ಕ ಆಗಿಬಿಡುತ್ತದೆ. ಹತ್ತು ಜನ ಅಂದಾಜು ಮಾಡಿದಾಗ ಗೆಲ್ಲುವುದು ಸಾಮಾನ್ಯವಾಗಿ ಎಲ್ಲರಿಗಿಂತ ಜಾಸ್ತಿ ಅಂದಾಜು ಮಾಡಿದವರು. ಹಾಗಾಗಿ ಗೆದ್ದವರೇ ಹೆಚ್ಚು ಕೊಟ್ಟಿರುವ ಸಾಧ್ಯತೆ ಜಾಸ್ತಿ.

ಇನ್ನೊಂದು, ಕೂಗಿದ ಬೆಲೆಯೇ ಕೊನೆಯ ಬೆಲೆ ಅಲ್ಲ. ಅದರ ಮೇಲೆ ಹರಾಜು ಸಂಸ್ಥೆಯ ಶುಲ್ಕ, ತೆರಿಗೆ, ಸಾಗಣೆ ಸೇರುತ್ತವೆ. ನಿಯಮದ ಪುಟವನ್ನು ಪೂರ್ತಿ ಓದಿ. ಎಲ್ಲ ಸೇರಿ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ, ಅಲ್ಲಿಂದ ಹಿಂದಕ್ಕೆ ಬಂದು ನಿಮ್ಮ ಮಿತಿ ಬರೆಯಿರಿ. ಆ ಚೀಟಿಯನ್ನು ಮನೆಯವರ ಕೈಗೆ ಕೊಡಿ.

ಹೆಜ್ಜೆ 6: ಚಿತ್ರಸಂತೆಗೆ ಹೋಗಿ, ಕಲಾವಿದರ ಜೊತೆ ಮಾತಾಡಿ

ಮೊದಲ ಚಿತ್ರಕ್ಕೆ ನಾನು ಹೇಳುವ ಜಾಗ ಇದು. ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತಿದೆ. 'ಮನೆಗೊಂದು ಕಲಾಕೃತಿ' ಅನ್ನುವುದು ಅದರ ಆಶಯ. ಸಾವಿರಕ್ಕೂ ಹೆಚ್ಚು ಕಲಾವಿದರು ರಸ್ತೆಯ ಬದಿಯಲ್ಲೇ ಚಿತ್ರ ಇಟ್ಟು ಕೂರುತ್ತಾರೆ. ಬಿಡಿಸಿದವರೇ ಎದುರಿಗೆ ಇರುತ್ತಾರೆ.

ಬೆಳಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ಕಾಲಿಡೋಕೆ ಜಾಗ ಇರಲ್ಲ. ಗೋಡೆಯ ಅಳತೆ ಬರೆದ ಚೀಟಿ, ಒಂದು ಟೇಪು, ಸ್ವಲ್ಪ ನಗದು ಜೊತೆಗಿರಲಿ. ಆ ಜನಜಂಗುಳಿಯಲ್ಲಿ ಯುಪಿಐ ಕೈಕೊಡಬಹುದು. ಮೊದಲ ಸುತ್ತು ಸುಮ್ಮನೆ ನಡೆಯಿರಿ, ಬೆಲೆ ಕೇಳಬೇಡಿ. ಹಿಡಿಸಿದ ಐದಾರು ಮಳಿಗೆಯ ಗುರುತು ಬರೆದುಕೊಳ್ಳಿ. ತಿಂಡಿ ತಿಂದು ಎರಡನೇ ಸುತ್ತು ಹೋಗಿ. ಆಗಲೂ ಕರೆಯುವ ಚಿತ್ರದ ಮುಂದೆ ನಿಲ್ಲಿ.

ಚೌಕಾಶಿ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯ ಇದೆ. ಸ್ವಲ್ಪ ಕಡಿಮೆ ಮಾಡಿ ಅಂತ ಒಂದು ಸಲ ಕೇಳುವುದು ತಪ್ಪಲ್ಲ. ಆದರೆ 'ಎರಡು ದಿನದ ಕೆಲಸಕ್ಕೆ ಇಷ್ಟಾ?' ಅನ್ನಬೇಡಿ. ಆ ಎರಡು ದಿನದ ಹಿಂದೆ ಇಪ್ಪತ್ತು ವರ್ಷ ಇರುತ್ತದೆ. ನಾನು ಅಲ್ಲಿ ಒಬ್ಬ ಹುಡುಗಿಯ ಜಲವರ್ಣದ ಮುಂದೆ ಎರಡು ಸುತ್ತಿನಲ್ಲೂ ನಿಂತೆ. ಬತ್ತಿದ ಕೆರೆ, ಅಂಗಳದಲ್ಲಿ ಜಾಲಿ, ದೂರದಲ್ಲಿ ಒಂದು ಬೆಟ್ಟ. ನನ್ನ ಚೀಟಿಯಲ್ಲಿ 6,000 ಬರೆದಿದ್ದೆ. ಅವರು 7,500 ಅಂದರು.

"ಇದು ಯಾವ ಊರಿನ ಕೆರೆಯಮ್ಮಾ?" ಅಂದೆ.

"ನಮ್ಮೂರಿಂದೇ ಸಾರ್, ಶ್ರೀನಿವಾಸಪುರದ ಹತ್ತಿರ. ನಾನು ಚಿಕ್ಕವಳಿದ್ದಾಗಿಂದ ಹೀಗೇ ಇತ್ತು. ನೀರು ನೋಡಿದ್ದೇ ಕಮ್ಮಿ."

"ಒಂದೇ ಸಲ ಅಷ್ಟು ಆಗಲ್ಲ. ಈಗ ಅರ್ಧ ಕೊಟ್ಟು, ಮುಂದಿನ ತಿಂಗಳು ಉಳಿದದ್ದು ಕೊಟ್ಟರೆ ಆಗುತ್ತಾ?"

"ಆಗುತ್ತೆ ಸಾರ್. ಪೂರ್ತಿ ಆದಮೇಲೆ ನಾನೇ ಕೋಲಾರಕ್ಕೆ ತಂದುಕೊಡ್ತೀನಿ."

ಚೌಕಾಶಿಯ ಬದಲು ಕಂತು ಕೇಳಿ ಅನ್ನುವುದು ಅವತ್ತಿನಿಂದ ನನ್ನ ಸಲಹೆ. ನಾನು ಬರೆದಿದ್ದ ಸಂಖ್ಯೆಗಿಂತ 1,500 ಜಾಸ್ತಿ ಕೊಟ್ಟೆ. ಆದರೆ ಅದು ಯೋಚಿಸಿ ಕೊಟ್ಟದ್ದು. ಮಾತಿಗೆ ಸೋತು ಕೊಟ್ಟದ್ದಲ್ಲ.

ಜನವರಿವರೆಗೆ ಕಾಯಬೇಕಿಲ್ಲ. ಕಲಾ ಕಾಲೇಜುಗಳ ವರ್ಷದ ಕೊನೆಯ ಪ್ರದರ್ಶನಕ್ಕೆ ಹೋಗಿ. ಅಲ್ಲಿನ ಹೊಸ ಕೈಗಳ ಕೆಲಸ ನಿಮ್ಮ ಬಜೆಟ್ಟಿಗೆ ಸಿಗುತ್ತದೆ. ಮೊದಲು ಕೊಂಡವರನ್ನು ಆ ಮಕ್ಕಳು ಮರೆಯಲ್ಲ.

ಹೆಜ್ಜೆ 7: ಕಾಗದಪತ್ರ

ಬಿಲ್ಲು ಇಲ್ಲದೆ ಕೊಳ್ಳಬೇಡಿ. ಕಲಾವಿದರ ಹೆಸರು, ಚಿತ್ರದ ಹೆಸರು, ವರ್ಷ, ಮಾಧ್ಯಮ, ಅಳತೆ, ಬೆಲೆ, ಸಹಿ ಇಷ್ಟೂ ಇರಲಿ. ಮೂಲ ಕೃತಿ ಅಂತ ಒಂದು ದೃಢೀಕರಣ ಪತ್ರ ಕೇಳಿ. ಸಣ್ಣ ಕಲಾವಿದರಾದರೆ ಬಿಳಿ ಹಾಳೆಯಲ್ಲಿ ಕೈಯಲ್ಲೇ ಬರೆದು ಕೊಟ್ಟರೂ ಸಾಕು. ಕಲಾವಿದರು ಚಿತ್ರದ ಪಕ್ಕ ನಿಂತ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಕೈಯಲ್ಲಿ ಬಿಡಿಸಿದ ಚಿತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹೇಳಿದ ಬೆಲೆ ತೆರಿಗೆ ಸೇರಿಸಿದ್ದಾ ಅಂತ ಕೇಳಿ. ವ್ಯವಹಾರ ಚಿಕ್ಕದಿರುವ ಕಲಾವಿದರು ಜಿಎಸ್‌ಟಿ ನೋಂದಣಿ ಮಾಡಿಸಿರಬೇಕಾಗಿಲ್ಲ. ಅವರು ತೆರಿಗೆ ಹಾಕದಿದ್ದರೆ ಅನುಮಾನ ಬೇಡ.

ಚಿತ್ರ ನಿಮ್ಮದಾದರೂ ಹಕ್ಕುಸ್ವಾಮ್ಯ ಕಲಾವಿದರದ್ದೇ. ಅವರನ್ನು ಕೇಳದೆ ಮದುವೆ ಪತ್ರಿಕೆಗೋ ಅಂಗಡಿಯ ಕ್ಯಾಲೆಂಡರಿಗೋ ಅಚ್ಚು ಹಾಕಿಸುವಂತಿಲ್ಲ. ನೀವೇ ದುಡ್ಡು ಕೊಟ್ಟು ಹೇಳಿ ಬಿಡಿಸಿದ್ದರೆ ಕಾನೂನು ಬೇರೆ. ಆಗ ಬೇರೆ ಒಪ್ಪಂದ ಇಲ್ಲದಿದ್ದರೆ ಹಕ್ಕು ಸಾಮಾನ್ಯವಾಗಿ ಬಿಡಿಸಿದವರಿಗಲ್ಲ, ಬಿಡಿಸೋಕೆ ಹೇಳಿದ ನಿಮಗೆ ಬರುತ್ತದೆ.

ಯಾರಾದರೂ 'ಹಳೇ ಮನೆತನದ ಚಿತ್ರ, ನೂರೈವತ್ತು ವರ್ಷದ್ದು' ಅಂತ ತಂದರೆ ಎಚ್ಚರ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು ಪುರಾತನ ವಸ್ತು. ಅದನ್ನು ಮಾರುವ ವ್ಯಾಪಾರಿಗೆ ಪರವಾನಗಿ ಬೇಕು, ದೇಶದ ಹೊರಗೆ ಖಾಸಗಿಯಾಗಿ ಕಳಿಸುವಂತಿಲ್ಲ. ಹಳ್ಳಿ ದೇವಸ್ಥಾನದಿಂದ ಬಂದ ವಿಗ್ರಹ ಅನ್ನುವ ಸುಳಿವು ಇದ್ದರಂತೂ ಎಷ್ಟೇ ಕಡಿಮೆ ಬೆಲೆ ಹೇಳಿದರೂ ಮುಟ್ಟಬೇಡಿ.

ಹೆಜ್ಜೆ 8: ಮನೆಗೆ ತಂದು ಹಾಕುವುದು

ಜಲವರ್ಣ ಅಥವಾ ಕಾಗದದ ಚಿತ್ರಕ್ಕೆ ಗಾಜಿನ ಫ್ರೇಮು ಬೇಕು. ಗಾಜು ಕಾಗದಕ್ಕೆ ತಾಗಬಾರದು. ನಡುವೆ ಮೌಂಟ್, ಅಂದರೆ ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು, ಹಾಕಿಸಿ. ಆಮ್ಲ ಇಲ್ಲದ ಮೌಂಟೇ ಬೇಕು ಅಂತ ಒತ್ತಿ ಹೇಳಿ, ಇಲ್ಲವಾದರೆ ಕೆಲವು ವರ್ಷದಲ್ಲಿ ಅಂಚು ಹಳದಿಯಾಗುತ್ತದೆ. ಚಿತ್ರವನ್ನು ಮೌಂಟಿಗೆ ಸೆಲ್ಲೊಟೇಪಿನಿಂದ ಅಂಟಿಸೋಕೆ ಬಿಡಬೇಡಿ. ಫ್ರೇಮು ಹಾಕುವವರು ಅಳತೆಗೆ ಸರಿಮಾಡೋಕೆ ಚಿತ್ರದ ಅಂಚು ಕತ್ತರಿಸುವುದುಂಟು. 'ಕತ್ತರಿಸಬೇಡಿ' ಅಂತ ಮೊದಲೇ ಹೇಳಿ.

ನೇರ ಬಿಸಿಲು ಬೀಳುವ ಗೋಡೆ ಬೇಡ, ಬಣ್ಣ ಮಾಸುತ್ತದೆ. ದೇವರ ದೀಪದ ಮೇಲೆ, ಒಲೆಯ ಹತ್ತಿರ ಬೇಡ, ಹೊಗೆ ಮತ್ತು ಜಿಡ್ಡು ಹಿಡಿಯುತ್ತದೆ. ಮಳೆಗಾಲದಲ್ಲಿ ತೇವ ಬರುವ ಗೋಡೆಯಾದರೆ ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಕಾರ್ಕಿನ ಚೂರು ಅಂಟಿಸಿ, ಗಾಳಿ ಆಡಲಿ. ಚಿತ್ರದ ನಡುಭಾಗ ನಿಂತವರ ಕಣ್ಣಿನ ಮಟ್ಟಕ್ಕೆ ಬರಬೇಕು. ನಮ್ಮ ಮನೆಗಳಲ್ಲಿ ದೇವರ ಪಟದ ಹಾಗೆ ಎತ್ತರಕ್ಕೆ ಹಾಕಿಬಿಡುತ್ತೇವೆ. ಧೂಳು ಒರೆಸೋಕೆ ಒಣಗಿದ ಮೆತ್ತನೆಯ ಬ್ರಷ್ಷು ಸಾಕು. ಕ್ಯಾನ್ವಾಸಿಗೆ ಒದ್ದೆ ಬಟ್ಟೆ ಮುಟ್ಟಿಸಬೇಡಿ.

ಹಾಕಿದ ದಿನವೇ ಚಿತ್ರದ ಮುಂದಿನದು, ಹಿಂದಿನದು ಎರಡೂ ಫೋಟೋ ತೆಗೆದು, ಬಿಲ್ಲು ಮತ್ತು ದೃಢೀಕರಣ ಪತ್ರದ ಜೊತೆ ಒಂದು ಕವರಿನಲ್ಲಿ ಇಡಿ. ಎಲ್ಲಿಟ್ಟಿದ್ದೀರಿ ಅಂತ ಮಕ್ಕಳಿಗೂ ತಿಳಿಸಿ. ನಮ್ಮ ಮನೆಯಲ್ಲಿ ಶ್ರೀನಿವಾಸಪುರದ ಕೆರೆಯ ಕವರು ಮನೆಯ ಖಾತೆ ಪತ್ರದ ಫೈಲಿನಲ್ಲೇ ಇದೆ. ಆ ಹುಡುಗಿ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ತಮ್ಮೂರಿನ ಹೆಸರು, ಬಿಡಿಸಿದ ತಿಂಗಳು, 'ಮಳೆಗೆ ಮುಂಚೆ' ಅಂತ ಬರೆದಿದ್ದಾರೆ.